ಹಳೆಯ ಮಾದರಿಯ ಸ್ವೆಟರ್: ಮೊದಲು ಅಳತೆಯ ತುಂಡು

1970ರ ದಶಕದ ದೆಹಲಿಯ ಚಳಿಯಲ್ಲಿ ಕಚೇರಿ ನೌಕರರು ಅಂಗಿಯ ಮೇಲೆ ತೊಡುತ್ತಿದ್ದ, 'ವಿ' ಕೊರಳಿನ, ತೋಳಿಲ್ಲದ ಸ್ವೆಟರನ್ನು ಹೊಸಬರೂ ಹೆಣೆಯಬಹುದು. ಇಲ್ಲಿನ ಮಹಿಳೆಯರು 'ಸೀಧಾ', 'ಉಲ್ಟಾ' ಎನ್ನುವ ಎರಡು ಬಗೆಯ ಕುಣಿಕೆಗಳನ್ನು ಕಲಿತರೆ ಸಾಕು. ಒಂದು ಸಾಲು ಸೀಧಾ, ಮರುಸಾಲು ಉಲ್ಟಾ ಹೆಣೆದರೆ ನಯವಾದ ಮೈ ಬರುತ್ತದೆ.

ನಾವು ಎಡವಿದ್ದು ಅಳತೆಯಲ್ಲಿ. 10 ಸೆಂ.ಮೀ.ಗೆ 22 ಕುಣಿಕೆಯೆಂಬ ಲೆಕ್ಕವನ್ನು ನಂಬಿ, 50 ಸೆಂ.ಮೀ. ಅಗಲದ ಬೆನ್ನಿಗೆ 110 ಕುಣಿಕೆ ಹಾಕಿದೆವು. ನಮ್ಮ ಕೈ ಸಡಿಲ; 20 ಕುಣಿಕೆಗೇ 10 ಸೆಂ.ಮೀ. ತುಂಬುತ್ತಿತ್ತು. ಬೆನ್ನು 55 ಸೆಂ.ಮೀ. ಆಯಿತು, ಎದೆಭಾಗವೂ ಅಷ್ಟೇ. ಮಗನಿಗೆಂದು ಹೆಣೆದದ್ದರೊಳಗೆ ಅವನ ತಂದೆಯೂ ಸಡಿಲವಾಗಿಯೇ ನಿಂತರು! (ಬ್ಯಾಂಕಿನಲ್ಲಿ ಅಂಕಿ ತಪ್ಪದ ಕೈ ಇದು.) ಎಲ್ಲವನ್ನೂ ಬಿಚ್ಚಿ ಮರಳಿ ಉಂಡೆ ಸುತ್ತಬೇಕಾಯಿತು.

ಆದುದರಿಂದ ಆಯ್ದ ಉಣ್ಣೆ, ಕಡ್ಡಿಗಳಿಂದಲೇ 15 ಸೆಂ.ಮೀ. ಚೌಕವೊಂದನ್ನು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿರುವ ಕುಣಿಕೆಗಳನ್ನು ಎಣಿಸಿರಿ. ಲೆಕ್ಕಕ್ಕಿಂತ ಕಡಿಮೆಯಿದ್ದರೆ ತೆಳುವಾದ ಕಡ್ಡಿ, ಹೆಚ್ಚಿದ್ದರೆ ದಪ್ಪ ಕಡ್ಡಿ ಹಿಡಿಯಬೇಕು.

ಕೊರಳು ಅಷ್ಟು ಕಷ್ಟವಲ್ಲ. ಎದೆಭಾಗವನ್ನು ನಡುವೆ ಎರಡಾಗಿ ವಿಂಗಡಿಸಿ, ಕೊರಳಂಚಿನಲ್ಲಿ ಆಗಾಗ ಎರಡು ಕುಣಿಕೆಗಳನ್ನು ಕೂಡಿಸಿ ಹೆಣೆದರೆ ಇಳಿಜಾರು ತಾನಾಗಿ ಮೂಡುತ್ತದೆ. ಕೊನೆಗೆ ಭುಜಗಳನ್ನೂ, ತೋಳಿನ ಜಾಗ ಬಿಟ್ಟು ಪಕ್ಕಗಳನ್ನೂ ಅದೇ ಉಣ್ಣೆಯಿಂದ ಹೊಲಿಯಬೇಕು.