ಹೋರಾಟಕ್ಕೆ ಹಾಡಿದ ಅಣ್ಣ, ಹಾಡಿಗೆ ದರ ಕೇಳಿದ ತಮ್ಮ

ಓಡೈಪಟ್ಟಿ: ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಕಂಬಂ ಕಣಿವೆಯ ನಮ್ಮ ಜನಕ್ಕೆ ದರದ ಮಾತು ಯಾರೂ ಹೇಳಿಕೊಡಬೇಕಿಲ್ಲ. ದ್ರಾಕ್ಷಿ ಬೆಳೆದವನಿಗೆ ಎಷ್ಟು, ದಲ್ಲಾಳಿಗೆ ಎಷ್ಟು, ಪೇಟೆಯಲ್ಲಿ ಮಾರಿದವನಿಗೆ ಎಷ್ಟು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಹಾಡಿಗೆ ದರ ಎಷ್ಟು? ಹಾಡಿದವನ ಮನೆ ನಡೆಯೋದು ಹೇಗೆ? ಇದೇ ಉತ್ತಮಪಾಳ್ಯಂ ತಾಲೂಕಿನ ಪಣ್ಣೈಪುರದ ಒಂದು ಮನೆ ಇದಕ್ಕೆ ಎರಡು ಉತ್ತರ ಕೊಟ್ಟಿದೆ.

ತಮ್ಮನ ಪರಿಚಯ ಬೇಡ, ಇಳಯರಾಜಾ. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ವೇದಿಕೆಗಳ ಹಾಡುಗಾರ. ಜನರ ಬಾಯಲ್ಲಿದ್ದ ಸಿನಿಮಾ ಧಾಟಿ ತೆಗೆದುಕೊಂಡು ಅದಕ್ಕೆ ಪಕ್ಷದ ಮಾತು ಕೂರಿಸುವುದು ಅವರ ಕ್ರಮ. 1958ರಲ್ಲಿ ಮೇಲಿನ ಗುಡ್ಡದ ದೇವಿಕುಳಂ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಕೇರಳದಲ್ಲಿ ಇ.ಎಂ.ಎಸ್. ಸರ್ಕಾರಕ್ಕೆ ಆಗಿನ್ನೂ ಒಂದು ವರ್ಷ, ಬಹುಮತ ಕೂದಲೆಳೆಯಷ್ಟು. ಮತದಾರರಲ್ಲಿ ಬಹಳ ಮಂದಿ ಚಹಾ ತೋಟದ ತಮಿಳು ಕೂಲಿಗಳು. ದಿನವಿಡೀ ದುಡಿದು ಬಂದವರಿಗೆ ಭಾಷಣ ಯಾಕೆ ಬೇಕು? ಹಾಡಾದರೆ ಕೂತು ಕೇಳ್ತಾರೆ. ವರದರಾಜನ್ ಹಾಡಿದರು, ಪಕ್ಷದ ರೋಸಮ್ಮ ಪುನ್ನೂಸ್ ಗೆದ್ದರು. ಆ ಗೆಲುವಿನಲ್ಲಿ ಹಾಡಿಗೂ ಪಾಲುಂಟು ಎನ್ನುವವರು ಇಂದಿಗೂ ಇದ್ದಾರೆ.

ತಮ್ಮಂದಿರೂ ಮೇಳ ಸೇರಿದರು. ಇಳಯರಾಜಾ ಸೇರಿದ್ದು ಹದಿನಾಲ್ಕರ ಪ್ರಾಯದಲ್ಲಿ. ಹತ್ತು ವರ್ಷ ಊರೂರು ಸುತ್ತಾಟ. ತಂದೆ ತೀರಿಕೊಂಡಿದ್ದ ಮನೆ. ನಡೆಸಿದವರು ತಾಯಿ ಚಿನ್ನತಾಯಿ. ಮಕ್ಕಳು ಮದ್ರಾಸಿಗೆ ಹೊರಟಾಗ ಆಕೆ ಮನೆಯ ರೇಡಿಯೋ ಮಾರಿ 400 ರೂಪಾಯಿ ಕೈಗಿಟ್ಟರೆಂದು ಇಳಯರಾಜಾ ಅವರೇ ಹೇಳಿಕೊಂಡಿದ್ದಾರೆ. ಈ ಕಥೆಯಲ್ಲಿ ಬಂಡವಾಳ ಹೂಡಿದವರು ಯಾರಾದರೂ ಇದ್ದರೆ ಆ ತಾಯಿಯೇ.

ಮದ್ರಾಸಿನಲ್ಲಿ ಅನ್ನ ಕೊಟ್ಟದ್ದು ಕನ್ನಡ. ‘ಬಂಗಾರದ ಮನುಷ್ಯ’ಕ್ಕೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಬಳಿ ಇಳಯರಾಜಾ ಸಹಾಯಕರಾಗಿ ಸುಮಾರು 200 ಚಿತ್ರಗಳಿಗೆ ದುಡಿದರು. ಅವುಗಳಲ್ಲಿ ಹೆಚ್ಚಿನವು ಕನ್ನಡದವು. 1976ರಲ್ಲಿ ‘ಅನ್ನಕ್ಕಿಳಿ’ ಬಂತು. ಅದನ್ನು ನೋಡಲು ಅಣ್ಣ ಇರಲಿಲ್ಲ.

ಮರುವರ್ಷ, 1977ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪೊಂದು ಹೊರಬಿತ್ತು: ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದ ಸಿನಿಮಾ ಹಾಡಿಗೆ ನಿರ್ಮಾಪಕನೇ ಒಡೆಯ. ಅಂದರೆ ಕೂಲಿ ಸಿಕ್ಕಿತು, ಬೆಳೆ ಹೋಯಿತು! ಹಾಡು ಬರೆದವರಿಗೂ ಸಂಗೀತ ಕಟ್ಟಿದವರಿಗೂ ರಾಯಧನದಲ್ಲಿ ಬಿಟ್ಟುಕೊಡಲಾಗದ ಪಾಲು ದಕ್ಕಿದ್ದು 2012ರ ತಿದ್ದುಪಡಿಯಿಂದ. 2017ರಲ್ಲಿ ತಮ್ಮ ಹಾಡುಗಳನ್ನು ಅನುಮತಿ ಇಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಇಳಯರಾಜಾ ಕಡೆಯಿಂದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೇ ನೋಟೀಸು ಹೋಯಿತು. ‘ದುಡ್ಡಿನ ಆಸೆ’ ಎಂದು ಜನ ಆಡಿಕೊಂಡರು. ಅಣ್ಣ ಯಾರದೋ ಧಾಟಿಯನ್ನು ಕೇಳದೆ ಎತ್ತಿಕೊಂಡವರು, ತಮ್ಮ ತನ್ನ ಧಾಟಿಗೆ ಬೇಲಿ ಹಾಕಿದವರು ಎಂದು ಕುಟುಕುವುದು ಸುಲಭ. ಆದರೆ ಅಣ್ಣ ಎತ್ತಿಕೊಂಡದ್ದು ಕೂಲಿಗಳ ಮುಂದೆ ಹಾಡಲು; ಈಗ ಟಿಕೆಟ್ ಇಟ್ಟು ಹಾಡಿಸುವವರದು ವ್ಯಾಪಾರ. ವ್ಯಾಪಾರ ಅಂದಮೇಲೆ ಬೆಳೆದವನು ಪಾಲು ಕೇಳಿದರೆ ತಪ್ಪೇನ್ರೀ? ಗೆಳೆಯನಿಗೇ ವಕೀಲರ ಕಾಗದ ಕಳಿಸಿದ್ದು ಮಾತ್ರ ನಮಗೆ ಸರಿ ಕಾಣಲಿಲ್ಲ.

ಮನೆಯ ಲೆಕ್ಕ ಬೇರೆಯೇ ಇದೆ. ಮಗಳು ಭವತಾರಿಣಿ 2024ರ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ತಂದೆಯ ಸಂಗೀತದಲ್ಲೇ, ‘ಭಾರತಿ’ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದಿದ್ದ ಗಾಯಕಿ. ಸಂಗೀತದಲ್ಲೇ ಮುಳುಗಿ ಮಕ್ಕಳ ಕಡೆ ಗಮನ ಕೊಡಲಿಲ್ಲ ಎಂಬ ನೋವನ್ನು ಆಮೇಲೆ ಇಳಯರಾಜಾ ಬಹಿರಂಗವಾಗಿಯೇ ಹೇಳಿಕೊಂಡರು. ಆಕೆಯ ಸಮಾಧಿ ಇದೇ ಕಣಿವೆಯ ತುದಿಯಲ್ಲಿ, ಲೋಯರ್ ಕ್ಯಾಂಪಿನ ಅವರ ತೋಟದಲ್ಲಿ, ತಾಯಿ ಜೀವಾ ಮತ್ತು ಅಜ್ಜಿ ಚಿನ್ನತಾಯಿ ಅವರ ಸಮಾಧಿಗಳ ಬಳಿ ಇದೆ.