ಹರಿಹರದ ಹೊಳೆ, ಎರಡು ಕಡಲು

ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರಿನ ಜೊತೆಗೆ ಒಂದು ಸಂಖ್ಯೆ ಇರುತ್ತದೆ. ಆ ಊರು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ ಅದು. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಹತ್ತಿರದ ಕಡಲು ಪಶ್ಚಿಮಕ್ಕೆ, ಹೊನ್ನಾವರದ ಕಡೆಗೆ ನೇರ ಗೆರೆ ಎಳೆದರೆ ಸುಮಾರು 160 ಕಿ.ಮೀ. ದೂರ. ಕಡಲನ್ನೇ ಕಾಣದ ಊರಿನ ಎತ್ತರವನ್ನೂ ಕಡಲಿನಿಂದಲೇ ಅಳೆಯುತ್ತೇವೆ! ಭಾರತದಲ್ಲಿ ಈ ಅಳತೆಗೆ ಆಧಾರವಾದ ಸಮುದ್ರ ಮಟ್ಟವನ್ನು 1909ರಲ್ಲಿ ಗೊತ್ತುಪಡಿಸಿದಾಗ ಒಂಬತ್ತು ಬಂದರುಗಳ ಉಬ್ಬರವಿಳಿತಗಳ ಸರಾಸರಿಯನ್ನು ತೆಗೆದುಕೊಳ್ಳಲಾಯಿತು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು.

ಬಯಲುಸೀಮೆಯವರಿಗೆ ಕಡಲೆಂದರೆ ರಜೆಯಲ್ಲಿ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋದಾಗ ನೋಡಿ ಬರುವ ವಸ್ತು. ದೊಡ್ಡ ಕೆರೆಯನ್ನೇ ಸಾಗರವೆಂದು ಕರೆದು ತೃಪ್ತಿಪಟ್ಟವರು ನಾವು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಎಂಬ ಹೆಸರೂ ಉಂಟು. ಆದರೆ ದಾವಣಗೆರೆ, ಹರಿಹರಗಳ ಬದುಕು ಒಂದಲ್ಲ, ಎರಡು ಸಮುದ್ರಗಳ ನಡುವೆ ಸಾಗುತ್ತಿದೆ. ಪಶ್ಚಿಮದ ಅರಬ್ಬೀ ಸಮುದ್ರ ನೀರು ಕೊಡುತ್ತದೆ. ಆ ನೀರು ಹೊಳೆಯಾಗಿ ಹರಿದು ಸೇರಬೇಕಾದದ್ದು ಪೂರ್ವದ ಬಂಗಾಳ ಕೊಲ್ಲಿಯನ್ನು.

ತುಂಗಾ ಮತ್ತು ಭದ್ರಾ ಎರಡೂ ಹುಟ್ಟುವುದು ವರಾಹ ಪರ್ವತದ ಗಂಗಾಮೂಲದಲ್ಲಿ. ಅರಬ್ಬೀ ಸಮುದ್ರ ಅಲ್ಲಿಂದ ಸುಮಾರು 50 ಕಿ.ಮೀ. ಮಾತ್ರ. ಅದೇ ಬೆಟ್ಟದ ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ತುಂಗೆ, ಭದ್ರೆಯರು ಮಾತ್ರ ಹತ್ತಿರದ ಕಡಲಿಗೆ ಬೆನ್ನು ಹಾಕಿ, ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ, ಹರಿಹರ, ಹೊಸಪೇಟೆ, ಮಂತ್ರಾಲಯ, ಕರ್ನೂಲುಗಳನ್ನು ದಾಟಿ ಕೃಷ್ಣೆಯನ್ನು ಸೇರುತ್ತಾರೆ. ಕೃಷ್ಣೆ ವಿಜಯವಾಡದ ಕೆಳಗೆ ಕವಲೊಡೆದು, ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ.

ಕಾಣದ ಲೋಕ

ಭೂಮಿಯ ಮೇಲ್ಮೈಯ ಶೇಕಡಾ 71ರಷ್ಟು ಭಾಗ ಸಮುದ್ರ. ಭೂಮಿಯ ನೀರಿನ ಶೇಕಡಾ 97ರಷ್ಟು ಇರುವುದು ಅಲ್ಲಿಯೇ. ಅದರ ಸರಾಸರಿ ಆಳ ಸುಮಾರು 3,700 ಮೀಟರ್. ಶಾಂತ ಸಾಗರದ ಮರಿಯಾನಾ ಕಂದಕದಲ್ಲಿ ಆಳ 10,900 ಮೀಟರ್ ಮೀರುತ್ತದೆ. ಎವರೆಸ್ಟ್ ಶಿಖರವನ್ನು ಅಲ್ಲಿ ಇಳಿಸಿದರೆ ಅದರ ತುದಿಯ ಮೇಲೆ ಇನ್ನೂ ಎರಡು ಕಿ.ಮೀ. ನೀರು ನಿಲ್ಲುತ್ತದೆ. 1960ರ ಜನವರಿಯಲ್ಲಿ ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ 'ಟ್ರಿಯೆಸ್ಟ್' ಎಂಬ ನೌಕೆಯಲ್ಲಿ ಮೊದಲ ಬಾರಿಗೆ ಆ ತಳ ಮುಟ್ಟಿದರು.

1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಬಳಿ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳು ಪತ್ತೆಯಾದವು. ಸೂರ್ಯನ ಬೆಳಕು ಎಂದೂ ತಲುಪದ ಆ ಕತ್ತಲಲ್ಲಿ ಭೂಗರ್ಭದ ರಾಸಾಯನಿಕಗಳನ್ನೇ ಶಕ್ತಿಯ ಮೂಲವಾಗಿಸಿಕೊಂಡ ಜೀವಿಗಳ ಒಂದು ಊರೇ ಇತ್ತು. ಸೂರ್ಯನಿಲ್ಲದೆ ಜೀವವಿಲ್ಲ ಎಂಬ ತಿಳಿವಳಿಕೆಯನ್ನು ವಿಜ್ಞಾನಿಗಳು ತಿದ್ದಿಕೊಳ್ಳಬೇಕಾಯಿತು. ಇಷ್ಟಾದರೂ ಆಧುನಿಕ ಉಪಕರಣಗಳಿಂದ ಸರಿಯಾಗಿ ನಕ್ಷೆ ಮಾಡಿರುವುದು ಸಮುದ್ರ ತಳದ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ಮಾತ್ರ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದ ಫಲವಾಗಿ 1966ರಲ್ಲಿ, ಈಗ ಗೋವಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ನಮ್ಮ ಎರಡು ಕಡಲುಗಳ ಬಗ್ಗೆ ಇಂದು ತಿಳಿದಿರುವ ಬಹಳಷ್ಟು ಸಂಗತಿಗಳು ಅಲ್ಲಿನ ವಿಜ್ಞಾನಿಗಳ ದುಡಿಮೆಯಿಂದ ಬಂದವು.

ಮಂಡಕ್ಕಿಯಲ್ಲಿನ ಕಡಲು

ದಾವಣಗೆರೆಯ ಮಂಡಕ್ಕಿಯನ್ನೇ ತೆಗೆದುಕೊಳ್ಳಿ. ಭಟ್ಟಿಯಲ್ಲಿ ಅಕ್ಕಿಗೆ ಬೆರೆಸುವ ಉಪ್ಪು ಕಡಲಿನದು ಎಂಬುದು ಎಲ್ಲರಿಗೂ ಗೊತ್ತು. ಭತ್ತ ಬೆಳೆದ ನೀರೂ ಕಡಲಿನದೇ. ದಾವಣಗೆರೆ ಮಳೆಯ ನೆರಳಿನ ನಾಡು. ಇಲ್ಲಿ ಬೀಳುವ ವರ್ಷದ ಮಳೆಯನ್ನು ನಂಬಿ ಗದ್ದೆ ಮಾಡುವುದು ಕಷ್ಟ. ಇಲ್ಲಿನ ಗದ್ದೆಗಳು ಹಸಿರಾಗುವುದು ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳಿಂದ. ಆ ಜಲಾಶಯ ತುಂಬುವುದು ಮಲೆನಾಡಿನ ಮಳೆಯಿಂದ. ಮಲೆನಾಡಿಗೆ ಮಳೆ ತರುವುದು ಹಿಂದೂ ಮಹಾಸಾಗರ ಮತ್ತು ಅರಬ್ಬೀ ಸಮುದ್ರದ ಮೇಲೆ ಬೀಸಿ ಬರುವ ನೈರುತ್ಯ ಮಾರುತ. ಸಹ್ಯಾದ್ರಿಯ ಗೋಡೆಗೆ ಬಡಿದು ಮೇಲೇರಿದ ತೇವದ ಗಾಳಿ ತಣ್ಣಗಾಗಿ ಅಲ್ಲಿಯೇ ಸುರಿಯುತ್ತದೆ. ಗೋಡೆ ದಾಟಿದ ಮೋಡ ಬಯಲುಸೀಮೆಗೆ ಬರುವಾಗ ಅರ್ಧ ಬರಿದಾಗಿರುತ್ತದೆ. ಆಕಾಶದಿಂದ ಬಾರದ ಕಡಲಿನ ನೀರು ನಮಗೆ ನಾಲೆಯಲ್ಲಿ ಬರುತ್ತದೆ.

ಉಸಿರಿನ ಕತೆಯೂ ಇದೇ. ಭೂಮಿಯಲ್ಲಿ ನಡೆಯುವ ದ್ಯುತಿಸಂಶ್ಲೇಷಣೆಯ ಅರ್ಧದಷ್ಟು ಕೆಲಸ ಮಾಡುವುದು ಕಡಲಿನಲ್ಲಿ ತೇಲುವ, ಕಣ್ಣಿಗೆ ಕಾಣದ ಸಸ್ಯಪ್ಲವಕಗಳು. ಅವು ಬಿಡುವ ಆಮ್ಲಜನಕದ ಬಹುಪಾಲನ್ನು ಇಂದು ಕಡಲ ಜೀವಿಗಳೇ ಬಳಸಿಕೊಳ್ಳುತ್ತವೆ. ಆದರೆ ಒಂದು ಕಾಲಕ್ಕೆ ಆಮ್ಲಜನಕವೇ ಇಲ್ಲದಿದ್ದ ಈ ಭೂಮಿಯ ಗಾಳಿಗೆ ಅದನ್ನು ತುಂಬಲು ಮೊದಲಿಟ್ಟದ್ದು ನೀರಿನ ಸೂಕ್ಷ್ಮಜೀವಿಗಳು.

ಕಡಲು ಕೊಂಚ ಅತ್ತಿತ್ತಲಾದರೆ ನಮ್ಮ ಊರು ನಡುಗುತ್ತದೆ. 2023ರಲ್ಲಿ ಸಾವಿರಾರು ಕಿ.ಮೀ. ದೂರದ ಶಾಂತ ಸಾಗರದ ನೀರು ಬಿಸಿಯಾಗಿ 'ಎಲ್ ನಿನೊ' ಕಾಣಿಸಿಕೊಂಡಿತು. ಆ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಹಿಂದೂ ಮಹಾಸಾಗರದ ಪೂರ್ವ, ಪಶ್ಚಿಮ ಭಾಗಗಳ ಉಷ್ಣತೆ ತಕ್ಕಡಿಯ ತಟ್ಟೆಗಳಂತೆ ಏರಿಳಿಯುತ್ತದೆ ಎಂಬುದು ವಿಜ್ಞಾನಿಗಳಿಗೆ ಸ್ಪಷ್ಟವಾದದ್ದು 1999ರಲ್ಲಿ. 2019ರಲ್ಲಿ ಆ ತಕ್ಕಡಿ ಪಶ್ಚಿಮಕ್ಕೆ ಬಲವಾಗಿ ವಾಲಿತ್ತು. ಕರ್ನಾಟಕ ಭೀಕರ ನೆರೆ ಕಂಡದ್ದೂ ಅದೇ ವರ್ಷ.

ಈಗ ಕಡಲೇ ಕಾಯುತ್ತಿದೆ. ಹೊಗೆಯ ಅನಿಲಗಳಿಂದ ಭೂಮಿಯಲ್ಲಿ ಉಳಿದುಕೊಂಡ ಹೆಚ್ಚುವರಿ ಶಾಖದ ಶೇಕಡಾ 90ಕ್ಕಿಂತ ಹೆಚ್ಚನ್ನು ಹೀರಿಕೊಂಡಿರುವುದು ಸಮುದ್ರ. 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ, 2001ರಿಂದ 2019ರ ನಡುವೆ ಅರಬ್ಬೀ ಸಮುದ್ರದ ಚಂಡಮಾರುತಗಳು ಶೇಕಡಾ 52ರಷ್ಟು ಹೆಚ್ಚಿದವು ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ತಿಳಿಸಿದರು. ನಾಟಿಯ ದಿನವನ್ನು ಮಳೆ ನಕ್ಷತ್ರ ನೋಡಿ ನಿರ್ಧರಿಸುತ್ತಿದ್ದ ರೈತ ಈಗ ಯಾವುದನ್ನು ನಂಬಬೇಕು?

ಹೊಳೆ ಹೊತ್ತೊಯ್ಯುವುದೇನು?

ಕಡಲು ಕೊಟ್ಟದ್ದಕ್ಕೆ ಹೊಳೆ ಮರಳಿ ಕೊಡುವುದೂ ಉಂಟು: ಸಿಹಿನೀರು, ಹೂಳು ಮತ್ತು ಪೋಷಕಾಂಶ. 'ನೀರು ಕಡಲಿಗೆ ಹರಿದು ವ್ಯರ್ಥವಾಗುತ್ತಿದೆ' ಎಂಬ ಮಾತನ್ನು ನಾವು ಭಾಷಣಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಅದು ವ್ಯರ್ಥವಲ್ಲ. ನದಿಗಳ ಸಿಹಿನೀರು ಬಂಗಾಳ ಕೊಲ್ಲಿಯ ಉಪ್ಪುನೀರಿನ ಮೇಲೆ ಹಗುರವಾದ ಪದರವಾಗಿ ನಿಲ್ಲುತ್ತದೆ. ಮೇಲಿನ ನೀರು ಬೆಚ್ಚಗಿದ್ದು ಮೋಡ ಹುಟ್ಟುವುದಕ್ಕೆ ಈ ಪದರವೂ ಒಂದು ಕಾರಣ. ಹೊಳೆ ತಂದ ಪೋಷಕಾಂಶ ಅಳಿವೆಯ ಮೀನು, ಸಿಗಡಿಗಳಿಗೆ ಆಹಾರದ ಮೂಲ. ಹೂಳಿನಿಂದಲೇ ನದೀಮುಖದ ಭೂಮಿ ಬೆಳೆಯುತ್ತದೆ.

ಆ ಹೂಳು ಈಗ ಎಲ್ಲಿದೆ? ಹೊಸಪೇಟೆಯ ತುಂಗಭದ್ರಾ ಜಲಾಶಯ 1953ರಲ್ಲಿ ಸಿದ್ಧವಾದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಅದು ಸುಮಾರು 105 ಟಿಎಂಸಿ. ಉಳಿದ ಜಾಗದಲ್ಲಿ ನೀರಿನ ಬದಲು ಹೂಳು ಕೂತಿದೆ. ಹರಿಹರದ ಸೇತುವೆಯ ಕೆಳಗೆ ಮಳೆಗಾಲದಲ್ಲಿ ಕೆಂಪಗೆ ಹರಿದುಹೋದ ಮಲೆನಾಡಿನ ಮಣ್ಣೂ ಅದರಲ್ಲಿದೆ. ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರ ಅಣೆಕಟ್ಟುಗಳಿವೆ. ಹೊಸ ಮಣ್ಣು ಬಾರದೆ ಕೃಷ್ಣೆಯ ಮುಖಜ ಭೂಮಿಯ ಅಂಚನ್ನು ಅಲ್ಲಲ್ಲಿ ಅಲೆಗಳು ಕೊರೆಯುತ್ತಿವೆ. ಈ ಶತಮಾನದ ಆರಂಭದ ಬರದ ವರ್ಷಗಳಲ್ಲಂತೂ ಕೃಷ್ಣೆ ಕಡಲಿಗೆ ತಲುಪಿಸಿದ ನೀರು ತೀರಾ ಅಲ್ಪ.

ಅಣೆಕಟ್ಟು ಕಟ್ಟಿದ್ದು ತಪ್ಪೆಂದು ಇದರರ್ಥವಲ್ಲ. ಭದ್ರೆಯ ಅಣೆಕಟ್ಟು ಇಲ್ಲದಿದ್ದರೆ ದಾವಣಗೆರೆಯ ಗದ್ದೆಗಳಿಲ್ಲ. ಆದರೆ ಕಡಲಿಗೆ ಕೊಡಬೇಕಾದದ್ದನ್ನು ತಡೆದಿಟ್ಟುಕೊಂಡು, ಕೊಡಬಾರದ್ದನ್ನು ಕಳುಹಿಸುತ್ತಿದ್ದೇವಲ್ಲ, ಅದು ಯೋಚಿಸಬೇಕಾದ ಸಂಗತಿ.

ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಮರದ ತಿರುಳಿನಿಂದ ನಾರು ತೆಗೆಯುವ ಉದ್ಯಮ ತಲೆಯೆತ್ತಿತು. ಸಾವಿರಾರು ಜನರಿಗೆ ಅನ್ನ ಸಿಕ್ಕಿತು. 1980ರ ದಶಕದಲ್ಲಿ ಹೊಳೆಯಲ್ಲಿ ಮೀನುಗಳು ಸತ್ತು ತೇಲಿದಾಗ ಕೆಳಗಿನ ಹಳ್ಳಿಗಳ ಜನ ದನಿಯೆತ್ತಿದರು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ನಾಡಿನ ಮುಂದಿಟ್ಟಿತು. ಒಂದು ಕಾರ್ಖಾನೆಯತ್ತ ಬೆರಳು ತೋರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ದಡದ ಪಟ್ಟಣಗಳ ಚರಂಡಿ ನೀರು, ಗದ್ದೆಗೆ ಅಗತ್ಯಕ್ಕಿಂತ ಹೆಚ್ಚು ಸುರಿದ ಗೊಬ್ಬರ, ಪೂಜೆಯ ನೆಪದಲ್ಲಿ ನೀರಿಗೆಸೆದ ಬಟ್ಟೆ, ಪ್ಲಾಸ್ಟಿಕ್ ಎಲ್ಲವೂ ಹೊಳೆಯ ಪಾಲೇ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ರಾಜ್ಯದ 17 ನದಿಗಳಲ್ಲಿ ಮಲಿನ ಭಾಗಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಇದ್ದವು.

ಹರಿಹರದಲ್ಲಿ ಬಿದ್ದದ್ದೆಲ್ಲ ಹಂಸಲದೀವಿಗೆ ತಲುಪುವುದಿಲ್ಲ, ನಿಜ. ಬಹಳಷ್ಟು ಜಲಾಶಯಗಳ ತಳ ಸೇರುತ್ತದೆ. ಆದರೆ ಕಡಲಿಗೆ ಸೇರುವ ವಿಷ ಯಾವುದೋ ಒಂದು ಮಹಾನದಿಯದಲ್ಲ, ಇಂತಹ ನೂರಾರು ಹೊಳೆಗಳದು. ನದಿಗಳು ಕಡಲಿಗೆ ಒಯ್ಯುವ ಪ್ಲಾಸ್ಟಿಕ್ಕಿನ ಶೇಕಡಾ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳ ಮೂಲಕ ಹೋಗುತ್ತದೆಂದು 2021ರ ಅಧ್ಯಯನವೊಂದು ಲೆಕ್ಕ ಹಾಕಿತು. ಬಂಗಾಳ ಕೊಲ್ಲಿಯ ನಡುನೀರಿನಲ್ಲಿ ಸುಮಾರು 60,000 ಚದರ ಕಿ.ಮೀ. ಪ್ರದೇಶದಲ್ಲಿ ಆಮ್ಲಜನಕ ಲವಲೇಶದಷ್ಟು ಮಾತ್ರ ಉಳಿದಿದೆ ಎಂದು ಗೋವಾದ ಸಂಸ್ಥೆಯೂ ಸೇರಿದಂತೆ ವಿಜ್ಞಾನಿಗಳ ತಂಡ 2016ರಲ್ಲಿ ಎಚ್ಚರಿಸಿತ್ತು. ನದಿಗಳು ತರುವ ಗೊಬ್ಬರದ ಸಾರ ಹೆಚ್ಚಾದರೆ ಪಾಚಿ ಉಕ್ಕಿ, ಸತ್ತು ಕೊಳೆತು, ಆ ಲವಲೇಶವನ್ನೂ ಮುಗಿಸಬಹುದು.

ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಒಂದೇ ಮೂರ್ತಿಯಲ್ಲಿರುವ ಇಬ್ಬರಿಗೂ ಕಡಲಿನ ನಂಟಿದೆ. ಹರಿ ಪಾಲ್ಗಡಲಲ್ಲಿ ಮಲಗಿದವನು. ಹರ ಕಡಲು ಕಡೆದಾಗ ಎದ್ದ ಹಾಲಾಹಲವನ್ನು ಕುಡಿದವನು. ಪುರಾಣದಲ್ಲಿ ವಿಷ ಕಡಲಿನಿಂದ ನೆಲಕ್ಕೆ ಬಂತು, ಕುಡಿಯಲು ಒಬ್ಬನಿದ್ದ. ಇಂದು ವಿಷ ನೆಲದಿಂದ ಕಡಲಿಗೆ ಹೋಗುತ್ತಿದೆ. ಕುಡಿಯುತ್ತಿರುವುದು ಮೀನು, ಸಿಗಡಿ ಮತ್ತು ಹೊಳೆದಂಡೆಯ ಊರುಗಳ ಜನ.

2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹರಿಹರಕ್ಕೆ ಬಂತು. ನಡಿಗೆಯಿಂದಲೇ ನದಿ ಶುದ್ಧವಾಗದು. ಚರಂಡಿ ನೀರು ಹೊಳೆ ಸೇರುವ ಮುನ್ನ ಶುದ್ಧೀಕರಣ ಘಟಕ ಸೇರಬೇಕು. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕಬೇಕು. ದಡದ ಕಾರ್ಖಾನೆಗಳ ನೀರಿನ ಪರೀಕ್ಷೆಯ ಫಲಿತಾಂಶ ದಡದ ಜನರಿಗೆ ತಿಳಿಯುತ್ತಿರಬೇಕು. ಇವು ದೊಡ್ಡ ಸಾಗರ ವಿಜ್ಞಾನವಲ್ಲ, ನಗರಸಭೆಯ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು. ಕಡಲಿನ ರಕ್ಷಣೆ ಕಡಲ ತೀರದವರ ಕೆಲಸ ಎಂದುಕೊಳ್ಳುವ ಹಾಗಿಲ್ಲ. ಬಂಗಾಳ ಕೊಲ್ಲಿಯ ಒಂದು ದಡ ಹರಿಹರದಲ್ಲಿಯೂ ಇದೆ.