ಸೈನೈಡ್ ಕೈಚೆಲ್ಲಿದ ಅದಿರು

ಕೆ.ಜಿ.ಎಫ್. ಊರಿನ ಸುತ್ತ ಎದ್ದು ನಿಂತ ದಿಬ್ಬಗಳಿಗೆ ಜನ ಇಟ್ಟಿರುವ ಹೆಸರೇ ಸೈನೈಡ್ ದಿಬ್ಬ. ಇಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಗಾಳಿ ಜೋರಾದರೆ ದಿಬ್ಬದ ಧೂಳು ಈಗಲೂ ಮನೆಯೊಳಗೆ ಬರುತ್ತದೆ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ಬೆರೆಸಿದ ನೀರಿನಲ್ಲಿ ಕಲಕಿ, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿ ಅದು.

ಗ್ಲಾಸ್ಗೊ ನಗರದಲ್ಲಿ 1887ರಲ್ಲಿ ಹುಟ್ಟಿದ ಈ ವಿಧಾನ ಜಗತ್ತಿನ ಹೆಚ್ಚಿನ ಚಿನ್ನದ ಗಣಿಗಳನ್ನು ಆವರಿಸಿತು. ಒಂದು ಟನ್ ಕಲ್ಲಿನಲ್ಲಿ ನಾಲ್ಕೈದು ಗ್ರಾಂ ಚಿನ್ನವಿದ್ದರೂ ಸೈನೈಡ್ ಅದನ್ನು ಕರಗಿಸಿ ಹೊರತರುತ್ತದೆ. ಆದರೆ 2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆಯಲ್ಲಿ ಗಣಿ ತ್ಯಾಜ್ಯದ ಕಟ್ಟೆಯೊಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ಹೊಳೆ ಸೇರಿತು. ಹಂಗೇರಿಯ ಟಿಸಾ ನದಿಯಲ್ಲಿ ಮೀನುಗಳು ರಾಶಿರಾಶಿ ಸತ್ತವು. ನೀರಿನಲ್ಲಿ ಆಮ್ಲಜನಕ ಇದ್ದರೂ ಅದನ್ನು ಬಳಸಿಕೊಳ್ಳಲು ಜೀವಕೋಶಗಳಿಗೆ ಸೈನೈಡ್ ಬಿಡುವುದಿಲ್ಲ.

ಇಷ್ಟೆಲ್ಲ ಆದರೂ ದೊಡ್ಡ ಗಣಿಯೊಂದು ಸೈನೈಡ್‌ಗೆ ಬದಲಿ ಹುಡುಕಿದ್ದು ಬೇರೆಯದೇ ಕಾರಣಕ್ಕೆ. ಅಮೆರಿಕದ ನೆವಾಡಾದ ಗೋಲ್ಡ್‌ಸ್ಟ್ರೈಕ್ ಗಣಿಯ ಒಂದು ಬಗೆಯ ಅದಿರಿನಲ್ಲಿ ಇಂಗಾಲ ಸಹಜವಾಗಿಯೇ ಬೆರೆತಿದೆ. ಸೈನೈಡ್ ಕರಗಿಸಿದ ಚಿನ್ನವನ್ನು ಆ ಇಂಗಾಲ ತಕ್ಷಣ ಹೀರಿಕೊಂಡು ಬಿಡುತ್ತದೆ. ಚಿನ್ನ ಮತ್ತೆ ಕಲ್ಲಿನ ಪಾಲು. ಇಲ್ಲಿ ಕೈಹಿಡಿದದ್ದು ಥಯೋಸಲ್ಫೇಟ್. ಹಳೆಯ ಫೋಟೋ ಸ್ಟುಡಿಯೋಗಳ ಕತ್ತಲ ಕೋಣೆಯಲ್ಲಿ, ಬೆಳಕು ತಾಗದ ಬೆಳ್ಳಿಯ ಲವಣವನ್ನು ಫಿಲ್ಮಿನಿಂದ ತೊಳೆಯುತ್ತಿದ್ದ 'ಹೈಪೊ' ಇದೇ ಕುಟುಂಬದ್ದು. ಇದು ಚಿನ್ನವನ್ನೂ ಕರಗಿಸುತ್ತದೆ, ಹಾಗೆ ಕರಗಿದ ಚಿನ್ನ ಇಂಗಾಲಕ್ಕೆ ಅಂಟುವುದಿಲ್ಲ. ಅದನ್ನು ಹಿಡಿಯಲು ರಾಳದ ಪುಟ್ಟ ಮಣಿಗಳು ಬೇಕು. ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿ.ಎಸ್.ಐ.ಆರ್.ಓ.ದ ವಿಜ್ಞಾನಿಗಳ ಜೊತೆ ಗಣಿಯವರು ವರ್ಷಗಟ್ಟಲೆ ದುಡಿದ ಮೇಲೆ 2014ರಲ್ಲಿ ಅಲ್ಲಿ ಮೊದಲ ಚಿನ್ನ ಹೊರಬಂತು.

ಆದರೆ ಥಯೋಸಲ್ಫೇಟ್ ಹೆಚ್ಚು ಪ್ರಮಾಣದಲ್ಲಿ ಬೇಕು, ವೇಗವರ್ಧಕವಾಗಿ ತಾಮ್ರ ಬೇಕು, ಹದ ತಪ್ಪಿದರೆ ಅದು ಬೇಗ ಕೆಡುತ್ತದೆ. ಸೈನೈಡ್‌ಗೆ ಸುಲಭವಾಗಿ ಒಗ್ಗುವ ಅದಿರಿದ್ದ ಕಡೆ ಗಣಿಯವರು ಇತ್ತ ತಿರುಗಿಯೂ ನೋಡುವುದಿಲ್ಲ. ನಮ್ಮ ಹಟ್ಟಿ ಚಿನ್ನದ ಗಣಿಯಲ್ಲೂ ಇಂದಿಗೂ ಸೈನೈಡೇ. ಗಣಿಯವರ ಈ ಲಾಭ-ನಷ್ಟದ ಲೆಕ್ಕದಲ್ಲಿ ದಿಬ್ಬದ ಪಕ್ಕ ಬದುಕುವವರ ಖರ್ಚನ್ನು ಸೇರಿಸುವುದೇ ಇಲ್ಲ ಎಂಬುದು ನನಗೆ ಒಪ್ಪಲಾಗದ ಮಾತು.

ಆದರೂ ಪಶ್ಚಿಮ ಆಸ್ಟ್ರೇಲಿಯಾದ ಮೆಂಝೀಸ್ ಎಂಬ ಹಳೆಯ ಗಣಿ ಊರಿನಲ್ಲಿ 2018ರಲ್ಲಿ ಇದೇ ಸಿ.ಎಸ್.ಐ.ಆರ್.ಓ. ಥಯೋಸಲ್ಫೇಟ್‌ನಿಂದಲೇ ಚಿನ್ನದ ಗಟ್ಟಿ ಎರಕ ಹೊಯ್ಯಿಸಿತು. ಅದನ್ನು ತಯಾರಿಸಿದ್ದು ಸಣ್ಣ ಗಣಿಗಳವರಿಗೆಂದೇ ರೂಪಿಸಿದ ಪುಟ್ಟ ಘಟಕದಲ್ಲಿ.